ಹಳೇ ಜೀಪಿನ ಸ್ಟೇರಿಂಗ್ ಕಟ್ ಜಾಸ್ತಿ ಮಾಡಿಸಿದ್ದು: ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ

ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ, ಗಾಡಿ ಹಳೇ ಮಹೀಂದ್ರ ಫೋರ್ ವೀಲ್ ಜೀಪು. ಅದರ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. ಕಣದಿಂದ ಮನೆಗೆ ಹತ್ತುವಾಗ ಒಂದು ತಿರುವು ಇದೆ, ಒಂದು ಕಡೆ ದರೆ, ಇನ್ನೊಂದು ಕಡೆ ಹಳ್ಳ. ಅಲ್ಲಿ ಒಂದೇ ಏಟಿಗೆ ತಿರುಗಿದ್ದೇ ಇಲ್ಲ. ಮೂಟೆ ತುಂಬಿಕೊಂಡು, ಮಳೆಯಲ್ಲಿ, ರಿವರ್ಸ್ ತಗೊಂಡು ಮತ್ತೆ ಮುಂದೆ ಹೋಗುವಷ್ಟರಲ್ಲಿ ಕ್ಲಚ್ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮುಂದಿನ ಆಕ್ಸಲ್‌ನ ನಕಲ್‌ನಲ್ಲಿ (ಚಕ್ರ ಪಕ್ಕಕ್ಕೆ ತಿರುಗುವ ಗೆಣ್ಣು) ಎರಡೂ ಕಡೆ ಒಂದೊಂದು ಸ್ಟಾಪರ್ ಬೋಲ್ಟ್ ಇರುತ್ತದೆ, ಚಕ್ರ ಎಷ್ಟು ತಿರುಗಬೇಕು ಅನ್ನೋದಕ್ಕೆ ಅದೇ ತಡೆ. ಲಾಕ್ ನಟ್ ಸಡಿಲ ಮಾಡಿ ಅದನ್ನು ಒಳಗೆ ತಿರುಗಿಸಿದರೆ ಚಕ್ರ ಇನ್ನಷ್ಟು ಕಟ್ ಆಗುತ್ತದೆ, ಅಂದರೆ ಪಕ್ಕಕ್ಕೆ ಜಾಸ್ತಿ ತಿರುಗುತ್ತದೆ. ಅಷ್ಟೇ ಕೆಲಸ, ಹೊಸ ಸಾಮಾನೇನೂ ಬೇಡ. ಗ್ಯಾರೇಜಿನಲ್ಲಿ ಮಾಡಿಸಿದೆ, ಲೇಬರ್ 500 ರೂಪಾಯಿ. ಮಾರನೇ ದಿನವೇ ಆ ತಿರುವನ್ನು ಒಂದೇ ಏಟಿಗೆ ಹತ್ತಿದೆ. ಆಹಾ!

ಈಗ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಬಗ್ಗಿ ಆ ಬೋಲ್ಟ್ ನೋಡೋದು ಅಭ್ಯಾಸವಾಗಿದೆ. ಕೆಂಪು ಕೆಸರು ಬೋಲ್ಟ್ ತಲೆಗೂ ಅದು ತಾಗಿ ನಿಲ್ಲುವ ಜಾಗಕ್ಕೂ ನಡುವೆ ಮೆತ್ತಿಕೊಂಡು ಒಣಗಿದರೆ ಆ ಕಡೆ ಕಟ್ ಕಮ್ಮಿ ಆಗುತ್ತದೆ. ಅಡಿಕೆ ದಬ್ಬೆಯ ಚೂರಿನಲ್ಲಿ ಕೆರೆದು, ಲಾಕ್ ನಟ್ಟಿಗೆ ಒಂದು ಸ್ಪ್ಯಾನರ್ ಹಾಕಿ ನೋಡಿ, ಆಮೇಲೆ ಕಾಫಿ.

ಸಿಟ್ಟು ಬಂದಿದ್ದು ಆಮೇಲೆ. ಸರ್ವೀಸಿಗೆ ಚಕ್ರ ಬಿಚ್ಚಿದಾಗ ನೋಡಿದರೆ, ಎಡಗಡೆ ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪು) ಒಂದು ಜಾಗದಲ್ಲಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು, ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿತ್ತು! ಫುಲ್ ಕಟ್‌ನಲ್ಲಿ ಹೋಸ್ ಟೈರಿಗೆ ತಾಗುತ್ತಿದೆ. ಬೋಲ್ಟ್ ತಿರುಗಿಸಿಕೊಟ್ಟ ಗ್ಯಾರೇಜಿನವರು ಜ್ಯಾಕ್ ಹಾಕಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬ್ರೇಕ್ ವಿಷಯದಲ್ಲಿ ಇಷ್ಟು ಉದಾಸೀನ ಮಾಡೋದಾ? ಹೊಸ ಹೋಸ್ ಹಾಕಿಸಿ, ಕ್ಲಿಪ್ ಬೇರೆ ಕಡೆ ಕೂರಿಸಿ, ಬೋಲ್ಟನ್ನು ಸ್ವಲ್ಪ ಹೊರಗೆ ತೆಗೆಸಿದೆ. ತಿರುವು ಈಗಲೂ ಒಂದೇ ಏಟಿಗೆ ಬರುತ್ತದೆ, ಆದರೆ ದರೆಗೆ ಬಂಪರ್ ಸವರಿಕೊಂಡೇ.

ಇನ್ನೊಂದು ವಿಷಯ. ಫೋರ್ ವೀಲ್ ಹಾಕಿ ಫುಲ್ ಕಟ್ ಮಾಡಿದರೆ ಸ್ಟೇರಿಂಗ್ ಕೈಯಲ್ಲಿ ಜಗ್ಗುತ್ತದೆ. ಚಕ್ರ ಪಕ್ಕಕ್ಕೆ ತಿರುಗಿದಾಗ ಜೊತೆಗೆ ಮಡಚಿಕೊಳ್ಳುವ ಆಕ್ಸಲ್ ತುದಿಯ ಕ್ರಾಸ್ ಜಾಯಿಂಟ್ ಒಂದೇ ಸಮ ತಿರುಗೋದಿಲ್ಲ, ಒಂದು ಸುತ್ತಿಗೆ ಎರಡು ಸಲ ವೇಗ ಏರಿಳಿಯುತ್ತದೆ, ಮಡಚಿದಷ್ಟೂ ಜಾಸ್ತಿ. ಹಾಗಾಗಿ ಆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತೋದೇ ಇಲ್ಲ. ನನ್ನದು ಸಣ್ಣ 6.00-16 ಟೈರ್, ಬಚಾವಾದೆ. ನೋಡೋಕೆ ಚೆಂದ ಅಂತ ಅಗಲದ ಟೈರ್ ಹಾಕಿದವರು ಈ ಬೋಲ್ಟ್ ಮುಟ್ಟಬೇಡಿ, ಟೈರ್ ನೇರ ಸ್ಪ್ರಿಂಗ್ ಪ್ಲೇಟಿಗೆ ಉಜ್ಜುತ್ತದೆ.

ಇದನ್ನೆಲ್ಲ ನೋಡಿ ಭಾವನಿಗೂ ಆಸೆ ಹುಟ್ಟಿತು, ತಮ್ಮ ಹೊಸ ಕಾರಿಗೆ ಸ್ಟೇರಿಂಗ್ ರ್ಯಾಕ್‌ನಲ್ಲಿ ಸ್ಪೇಸರ್ (ಕಟ್ ಜಾಸ್ತಿ ಮಾಡೋಕೆ ನಡುವೆ ಕೂರಿಸುವ ಬಿಲ್ಲೆ) ಹಾಕಿಸಿದರೆ ಹೆಂಗೆ ಅಂತ ಕೇಳಿದರು. ಜೀಪಿನ ಬೋಲ್ಟ್ ಕಂಪನಿಯೇ ಅಡ್ಜಸ್ಟ್ ಮಾಡೋಕೆ ಅಂತ ಇಟ್ಟಿದ್ದು. ಸ್ಪೇಸರ್ ಕಥೆ ಬೇರೆ, ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ವಾರಂಟಿ ಇದೆ. ಸುಮ್ನೆ ಒಂದು ರಿವರ್ಸ್ ಕ್ಯಾಮೆರಾ ಹಾಕಿಸಿ ಭಾವ ಅಂದೆ.