ಬಂದರಿನೊಳಗೆ ಚೆನ್ನಾಗಿ ಓಡುವ ಎಂಜಿನ್ನನ್ನು ನಂಬಿ ಕಡಲಿಗೆ ಹೊರಡಬೇಡಿ

ಬಾಡಿಗೆಯ ಹಾಯಿದೋಣಿಯಲ್ಲಿ ಕರಾವಳಿಯುದ್ದಕ್ಕೂ ದಿನವಿಡೀ ಸಾಗುವ ಯೋಚನೆಯಿದ್ದರೆ, ಹಣ ಕೊಡುವ ಮೊದಲು ಇದನ್ನು ಓದಿ.

ನಾವು ಏರಿದ ದೋಣಿಯ ಮಾಲೀಕರು ಎಂಜಿನ್ ಸರ್ವಿಸ್ ಆಗಿದೆ ಎಂದು ಭರವಸೆ ಕೊಟ್ಟಿದ್ದರು. ಕೀಲಿ ತಿರುಗಿಸಿದೊಡನೆ ಅದು ಸ್ಟಾರ್ಟ್ ಕೂಡ ಆಯಿತು. ಟ್ಯಾಂಕಿನ ಡೀಸೆಲ್ ಎಷ್ಟು ಹಳೆಯದು ಎಂದು ನಮ್ಮ ಚಾಲಕರು ಕೇಳಿದಾಗ, ಮುಕ್ಕಾಲು ಟ್ಯಾಂಕ್ ಇದೆ, ಸಾಕಾಗುತ್ತದೆ ಎಂದರು. ಕೇಳಿದ್ದೇ ಒಂದು, ಹೇಳಿದ್ದೇ ಇನ್ನೊಂದು.

ಮಧ್ಯಾಹ್ನದವರೆಗೆ ಹಾಯಿಯ ಮೇಲೆಯೇ ಹಿತವಾಗಿ ಸಾಗಿದೆವು. ಆಮೇಲೆ ಗಾಳಿ ಬಲಿತು ದಡದ ಕಡೆಗೆ ಬೀಸತೊಡಗಿತು, ಅಲೆಗಳೂ ಎದ್ದವು. ದೊಡ್ಡ ಹಾಯಿಯನ್ನು ಮಡಿಸಿ ಕಿರಿದುಮಾಡಿದೆವು. ಸಂಜೆ ತಲುಪಬೇಕಿದ್ದ ಬಂದರಿನ ಬಾಯಿ ಇಕ್ಕಟ್ಟಾಗಿತ್ತು. ಅದನ್ನು ಹಾಯಿಯಲ್ಲಿ ದಾಟುವುದು ಕಷ್ಟವಾದ್ದರಿಂದ ಎಂಜಿನ್ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಅದರ ಸದ್ದು ಏರಿಳಿಯಿತು, ಮುಗ್ಗರಿಸಿತು, ನಿಂತೇಹೋಯಿತು. ಗಾಳಿ ನಮ್ಮನ್ನು ತಳ್ಳುತ್ತಿದ್ದ ದಿಕ್ಕಿನಲ್ಲಿಯೇ ಬಂಡೆಗಳಿದ್ದವು. ಅವುಗಳ ಮೇಲೆ ನೊರೆ ಒಡೆಯುವುದು ಬರಿಗಣ್ಣಿಗೆ ಕಾಣುತ್ತಿತ್ತು.

ಚಾಲಕರು ಮುಂದಿನ ಹಾಯಿಯನ್ನು ಇನ್ನೂ ಸುತ್ತಿರಲಿಲ್ಲ. ನಾವು ಬದುಕಿದ್ದು ಅದರಿಂದಲೇ. ಹಗ್ಗ ಬಿಗಿದು, ಚುಕ್ಕಾಣಿ ತಿರುಗಿಸಿ, ದೋಣಿಯನ್ನು ಮತ್ತೆ ತೆರೆದ ಕಡಲಿಗೆ ಒಯ್ದರು. ಬಳಿಕ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ‘ಪಾನ್-ಪಾನ್’ ಎಂದು ತುರ್ತು ಕರೆ ಕೊಟ್ಟರು. ಒಂದು ಮೀನುಗಾರಿಕಾ ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಅದರಲ್ಲಿದ್ದವರಿಗೆ ಎಷ್ಟು ಕೈಮುಗಿದರೂ ಸಾಲದು.

ಕಾಯುತ್ತಿದ್ದಾಗ ಚಾಲಕರು ಡೀಸೆಲ್ ಫಿಲ್ಟರ್ ಬಿಚ್ಚಿದರು. ಅದರ ಕೆಳಗಿನ ಗಾಜಿನ ಬಟ್ಟಲನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ತಳದಲ್ಲಿ ನೀರು, ಅದರ ಮೇಲೆ ಬೆರಳಿಗೆ ಅಂಟುವ ಕಪ್ಪು ಲೋಳೆ. ಕಪಾಟಿನಲ್ಲಿ ಹೊಸ ಫಿಲ್ಟರ್ ಒಂದಿತ್ತು, ಆದರೆ ಬೇರೆ ಅಳತೆಯದು, ಕೂರಲೇ ಇಲ್ಲ.

ಇದು ಹೇಗಾಗುತ್ತದೆ ಎಂಬುದು ಎಲ್ಲರಿಗೂ ತಿಳಿದಿರಬೇಕು. ಅರೆತುಂಬಿದ ಟ್ಯಾಂಕಿನ ಒಳಗೋಡೆಯಲ್ಲಿ ಗಾಳಿಯ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಾಣುಗಳು ಬೆಳೆದು ಲೋಳೆ ಕಟ್ಟುತ್ತವೆ. ದೋಣಿ ಕಟ್ಟಿಹಾಕಿರುವಾಗ ಅದು ತಳದಲ್ಲಿಯೇ ಮಲಗಿರುವುದರಿಂದ ಎಂಜಿನ್ ಗಂಟೆಗಟ್ಟಲೆ ಓಡಬಹುದು. ಅಲೆಗಳು ದೋಣಿಯನ್ನು ಕುಲುಕಿದಾಗ ಎಲ್ಲವೂ ಕದಡಿ ಫಿಲ್ಟರಿಗೆ ನುಗ್ಗಿ ಅದನ್ನು ಮುಚ್ಚಿಬಿಡುತ್ತದೆ, ಎಂಜಿನ್ನಿಗೆ ಡೀಸೆಲ್ ತಲುಪುವುದಿಲ್ಲ. ಅಂದರೆ ಎಂಜಿನ್ ಕೈಕೊಡುವುದು ಅದು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ. ಇದನ್ನು ದುರದೃಷ್ಟ ಎಂದು ಮಾಲೀಕರು ಹೇಳಿದಾಗ ನನಗೆ ತಡೆಯಲಾಗದ ಸಿಟ್ಟು ಬಂತು.

ಹೊರಡುವ ಮುನ್ನ ಫಿಲ್ಟರಿನ ಬಟ್ಟಲನ್ನು ತೋರಿಸಲು ಹೇಳಿ. ಟ್ಯಾಂಕನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಕೇಳಿ. ಅದೇ ಎಂಜಿನ್ನಿಗೆ ಹೊಂದುವ ಫಿಲ್ಟರುಗಳು ಒಂದಕ್ಕಿಂತ ಹೆಚ್ಚು ಇರಲಿ. ಒಂದನ್ನು ಬದಲಿಸಿದರೆ ಇನ್ನೊಂದೂ ಬೇಗ ಕಟ್ಟಿಕೊಳ್ಳಬಹುದು. ಬದಲಿಸಿದ ಮೇಲೆ ಡೀಸೆಲ್ ಕೊಳವೆಯೊಳಗೆ ಸೇರಿದ ಗಾಳಿ ಹೊರಹಾಕಬೇಕು, ಆ ಕೆಲಸ ಬಲ್ಲವರು ದೋಣಿಯಲ್ಲಿ ಇರಲೇಬೇಕು. ಬಂದರಿನೊಳಗೆ ಪೂರ್ತಿ ಸೇರುವವರೆಗೆ ಹಾಯಿಗಳು ತಕ್ಷಣ ಎತ್ತಲು ಸಿದ್ಧವಾಗಿರಲಿ, ಲಂಗರೂ ಅಷ್ಟೇ. ಇದನ್ನೆಲ್ಲ ತೋರಿಸಲು ಮಾಲೀಕರು ಗೊಣಗಿದರೆ ಮುಂಗಡ ಹೋದರೂ ಹೋಗಲಿ, ಏರಬೇಡಿ.

ನಮ್ಮನ್ನು ಒಯ್ದ ದೋಣಿಯನ್ನು ಈಗಲೂ ಬಾಡಿಗೆಗೆ ಕೊಡುತ್ತಿದ್ದಾರೆ. ಟ್ಯಾಂಕ್ ತೊಳೆಸಿದಿರಾ ಎಂದು ಕೇಳಿದೆ. ಫಿಲ್ಟರ್ ಬದಲಿಸಿದ್ದೇವೆ ಎಂಬ ಉತ್ತರ ಬಂತು.