ಕಪಾಟಿನಲ್ಲಿ ಯಾವ ಹಳೇ ಪುಸ್ತಕ ಇರಬಹುದು, ಯಾವುದು ಹೊಸದೇ ಬೇಕು

ಕೆಲಸ ಹೇಳಿಕೊಡುವ ಪುಸ್ತಕ ಕೊಳ್ಳುವಾಗ ನಾನು ಮುಖಪುಟಕ್ಕೆ ಮರುಳಾಗುವುದಿಲ್ಲ. ಮೊದಲು ಮುದ್ರಣದ ವರ್ಷ ನೋಡುತ್ತೇನೆ. ಆಮೇಲೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಯಾವ ಪುಟದಲ್ಲಿದೆ ಅಂತ ಹುಡುಕಿ, ಅಂಗಡಿಯಲ್ಲೇ ನಿಂತು ಪೂರ್ತಿ ಓದುತ್ತೇನೆ. ಗೊತ್ತಿರುವುದನ್ನೇ ಸರಿಯಾಗಿ ಬರೆಯದವರು ಗೊತ್ತಿಲ್ಲದ್ದನ್ನು ಹೇಗೆ ಹೇಳಿಕೊಟ್ಟಾರು?

ಸಾಗರದ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಮಾವನವರಿಗೆ ಹಳಗನ್ನಡ, ಮಗಳಿಗೆ ಹಕ್ಕಿ, ನನಗೆ ತೋಟ ಮತ್ತು ಅಡುಗೆ. ಒಬ್ಬೊಬ್ಬರಿಗೆ ಒಂದೊಂದು ಆಸಕ್ತಿ, ಪುಸ್ತಕ ಆರಿಸುವ ಕೆಲಸ ಮಾತ್ರ ನನ್ನದು.

ತೋಟದ ಪುಸ್ತಕವಾದರೆ ನಾನು ಹುಡುಕುವುದು ಬೋರ್ಡೋ ದ್ರಾವಣ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಶೇಕಡಾ 1ರ ದ್ರಾವಣ ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಒಳ್ಳೆಯ ಪುಸ್ತಕ ಅಲ್ಲಿಗೇ ನಿಲ್ಲಿಸುವುದಿಲ್ಲ. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಕಬ್ಬಿಣದ ಪಾತ್ರೆ ಬೇಡ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುತ್ತಿರಿ ಅನ್ನುತ್ತದೆ. ಕೊನೆಗೆ ಹೊಳೆಯುವ ಚಾಕು ಅದ್ದಿ ನೋಡಿ ಅನ್ನುತ್ತದೆ. ಚಾಕುವಿನ ಮೇಲೆ ಕೆಂಪು-ಕಂದು ತುಕ್ಕಿನಂತೆ ಹತ್ತಿದರೆ ತುತ್ತ ಜಾಸ್ತಿಯಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಅದೇ ದಿನ ಹೊಡೆದು ಮುಗಿಸಬೇಕು. ಈ ಚಾಕುವಿನ ಮಾತು ಇದೆ ಅಂದರೆ ಬರೆದವರು ಡ್ರಮ್ಮಿನ ಪಕ್ಕ ನಿಂತವರು ಅಂತ ನಾನು ನಂಬುತ್ತೇನೆ. ಬಣ್ಣದ ಚಿತ್ರ ತುಂಬಿದ, ದುಬಾರಿ ಪುಸ್ತಕವೊಂದರಲ್ಲಿ ಇದೇ ಇರಲಿಲ್ಲ. ವಾಪಸ್ ಇಟ್ಟು ಬಂದೆ.

ಈ ಲೆಕ್ಕದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೃಷಿ ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ತರುವ ‘ಸುಧಾರಿತ ಬೇಸಾಯ ಕ್ರಮಗಳು’. ನೋಡಲು ಸೊಗಸಿಲ್ಲ, ಕೋಷ್ಟಕಗಳೇ ಜಾಸ್ತಿ, ಓದಿಸಿಕೊಂಡು ಹೋಗುವ ಪುಸ್ತಕವೂ ಅಲ್ಲ. ಆದರೆ ಬೀಜ ಎಷ್ಟು, ಗೊಬ್ಬರ ಎಷ್ಟು, ಯಾವ ತಳಿ ಎಲ್ಲಿಗೆ ಅಂತ ಬಿಡಿಸಿ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ಬಯಲುಸೀಮೆಗೆ ಬರೆದದ್ದನ್ನು ಮಲೆನಾಡಿನ ಗುಡ್ಡಕ್ಕೆ ತಂದರೆ ಆಗುತ್ತದೆಯೇ? ಯಾವ ವಲಯಕ್ಕೆ ಅನ್ನುವ ಮಾತೇ ಇಲ್ಲದ ತೋಟದ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಕೃಷಿ ಮೇಳಕ್ಕೆ ಹೋದರೆ ಟ್ರ್ಯಾಕ್ಟರ್ ನೋಡಿ ಮುಗಿದ ಮೇಲೆ ವಿಶ್ವವಿದ್ಯಾಲಯದ ಪುಸ್ತಕದ ಮಳಿಗೆ ಎಲ್ಲಿದೆ ಅಂತ ಕೇಳಿ.

ಇದನ್ನು ಮಾತ್ರ ಹೊಸ ಮುದ್ರಣದ್ದೇ ಕೊಳ್ಳಿ. ಹಳೇ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಬೇಸಾಯದ ಪುಸ್ತಕ ತರಬೇಡಿ. ಎಂಡೋಸಲ್ಫಾನ್ ಅನ್ನುವ ಕೀಟನಾಶಕಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಅದನ್ನು ಲೀಟರಿಗೆ ಇಷ್ಟು ಅಂತ ಸಲೀಸಾಗಿ ಬರೆದಿರುತ್ತಾರೆ. ಅದನ್ನು ಸಿಂಪಡಿಸಿದ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ ಜನ ಪಟ್ಟ ಪಾಡು ನೋಡಿದವರಿಗೆ ಆ ಸಾಲು ಓದಿದರೆ ಮೈ ಜುಮ್ಮೆನ್ನುತ್ತದೆ.

ಮನೆಮದ್ದು, ಪ್ರಥಮ ಚಿಕಿತ್ಸೆಯ ಪುಸ್ತಕಕ್ಕೂ ಇದೇ ಮಾತು. ಹಾವು ಕಡಿತದ ಪುಟ ತೆಗೆಯಿರಿ. ಬಿಗಿಯಾಗಿ ಹಗ್ಗ ಕಟ್ಟಿ, ಬ್ಲೇಡಿನಲ್ಲಿ ಕೊಯ್ದು ರಕ್ತ ಹೀರಿ ಅಂತಿದ್ದರೆ ಅಲ್ಲೇ ಬಿಟ್ಟುಬಿಡಿ. ಕಟ್ಟಬೇಡಿ, ಕೊಯ್ಯಬೇಡಿ, ಕಡಿದ ಕೈಕಾಲು ಅಲುಗಾಡದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ ಅಂತಿರಬೇಕು. ಅಡಿಕೆ ತೋಟದಲ್ಲಿ ಓಡಾಡುವ ನಮ್ಮಂಥವರಿಗೆ ಆ ಒಂದು ಪುಟ ತಪ್ಪಿದ್ದರೆ ಇಡೀ ಪುಸ್ತಕವೇ ಅಪಾಯ.

ಹಕ್ಕಿಯ ಪುಸ್ತಕಕ್ಕೆ ಈ ಭಯ ಇಲ್ಲ. ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಮೊದಲು ಬಂದದ್ದು 1941ರಲ್ಲಿ. ಆಮೇಲೆ ಎಷ್ಟೋ ಸಲ ತಿದ್ದಿ ಮುದ್ರಿಸಿದ್ದಾರೆ. ಹಳೇ ಪ್ರತಿ ಸಿಕ್ಕರೂ ತನ್ನಿ. ಕೆಲವು ಹೆಸರುಗಳು ಈಗ ಬದಲಾಗಿವೆ, ಅಷ್ಟೇ. ಹಕ್ಕಿಯ ಗಾತ್ರವನ್ನು ಅವರು ಗುಬ್ಬಚ್ಚಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆಯ ಜೊತೆ ಹೋಲಿಸಿ ಹೇಳುತ್ತಾರೆ. ಅದೆಷ್ಟು ಜಾಣತನ ಅಲ್ವಾ? ಮರದ ತುದಿಯಲ್ಲಿ ಕೂತ ಹಕ್ಕಿಗೆ ಯಾರು ಸ್ಕೇಲ್ ಹಿಡಿಯುತ್ತಾರೆ? ಪಿಕಳಾರಕ್ಕಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು ಅಂತ ಮಕ್ಕಳೂ ಹೇಳಬಲ್ಲರು. ಮಗಳು ಈಗ ಹೊಸ ಹಕ್ಕಿ ಕಂಡರೆ ಮೊದಲು ಆಡುವ ಮಾತೇ ಇದು. ಫೋನಿನಲ್ಲಿ ಆ್ಯಪ್ ಇದೆ ನಿಜ. ನಮ್ಮ ತೋಟದ ಕೆಳಗೆ ನೆಟ್‌ವರ್ಕ್ ಇಲ್ಲ.

ನಿಘಂಟಿನ ವಿಷಯದಲ್ಲಂತೂ ಹಳೆಯದೇ ಚೆನ್ನ ಅಂತ ಮಾವನವರ ವಾದ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದದ್ದು. ಪದದ ಜೊತೆಗೆ ಗಾದೆಗಳೂ ಸಿಗುತ್ತವೆ, ಅದಕ್ಕೇ ಅವರು ಅದನ್ನು ಸುಮ್ನೆ ಓದುತ್ತಾ ಕೂರುತ್ತಾರೆ. ನನ್ನ ಮತ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ. 1970ರಿಂದ 1995ರವರೆಗೆ 8 ಸಂಪುಟಗಳಾಗಿ ಬಂತು. ಶಾಸನದಲ್ಲಿ, ಪಂಪನಲ್ಲಿ, ವಚನದಲ್ಲಿ ಪದ ಹೇಗೆ ಬಂದಿದೆ ಅಂತ ಸಾಲುಗಳ ಸಮೇತ ತೋರಿಸುತ್ತದೆ. ಎಂಟೂ ಸಂಪುಟ ಇಡಲು ಎಲ್ಲರ ಮನೆಯಲ್ಲೂ ಜಾಗ ಇರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಪರಿಷತ್ತಿನದೇ ಸಂಕ್ಷಿಪ್ತ ನಿಘಂಟು ಧಾರಾಳ ಸಾಕು.

ಅಡುಗೆಯ ಪುಸ್ತಕ ಹಳೆಯದಿರಲಿ ಹೊಸದಿರಲಿ, ನಾನು ತೆಗೆಯುವುದು ಮೈಸೂರು ಪಾಕಿನ ಪುಟ. ‘ಸಕ್ಕರೆ ಪಾಕ ಬಂದ ಮೇಲೆ ಕಡಲೆಹಿಟ್ಟು ಹಾಕಿ’ ಅಂತಷ್ಟೇ ಇದ್ದರೆ ಬೇಡ. ಒಂದೆಳೆ ಪಾಕ ಅನ್ನಬೇಕು, ಬೆರಳಲ್ಲಿ ಎಳೆದು ನೋಡಲು ಹೇಳಬೇಕು, ತುಪ್ಪ ಬಿಸಿ ಇರಬೇಕು ಅನ್ನಬೇಕು, ನೊರೆ ಎದ್ದು ಗೂಡುಗೂಡಾದಾಗ ತಟ್ಟೆಗೆ ಸುರಿಯಲು ಹೇಳಬೇಕು. ಇಷ್ಟಿದ್ದರೆ ಚಿತ್ರ ಒಂದೂ ಇಲ್ಲದಿದ್ದರೂ ನಾನು ಕೊಳ್ಳುತ್ತೇನೆ.