ಎಫ್‌ಸಿಇಯುಎಕ್ಸ್ ಎಮ್ಯುಲೇಟರ್: ಆಡಿದ್ದು ಕಡಿಮೆ, ಬಿಚ್ಚಿ ನೋಡಿದ್ದೇ ಜಾಸ್ತಿ

ಎಮ್ಯುಲೇಟರ್ ಅಂದರೆ ಹಳೇ ಗೇಮ್ ಮೆಷಿನ್ನಿನ ಹಾಗೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್. ಅದನ್ನು ಹೇಗೆ ಇನ್‌ಸ್ಟಾಲ್ ಮಾಡೋದು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ, ಬಿಡಿ. ಟಿವಿಗೆ ವೈರ್ ಸಿಕ್ಕಿಸಿ, ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಆ 8-ಬಿಟ್ ಗೇಮ್‌ಗಳೆಲ್ಲ ಇದರಲ್ಲಿ ಓಡುತ್ತವೆ. ದುಡ್ಡು ಕೊಡಬೇಕಿಲ್ಲ. ನನ್ನ ಮುದಿ ಲ್ಯಾಪ್‌ಟಾಪ್‌ಗೂ ಇದು ಭಾರ ಅನ್ನಿಸಿಲ್ಲ.

ಇಳಿಸಿಕೊಂಡಿದ್ದು ಕಾಂಟ್ರಾ ಆಡೋಕೆ. ಈಗ ಕಾಂಟ್ರಾ ಆಡೋದೇ ಅಪರೂಪ. ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಕೈ ನೇರ ಟೂಲ್ಸ್ ಮೆನುವಿಗೆ ಹೋಗುತ್ತದೆ. ಅಲ್ಲಿ ರ‍್ಯಾಮ್ ಸರ್ಚ್ ಅಂತ ಒಂದು ಕಿಟಕಿ ಇದೆ. ಈ ವಿಮರ್ಶೆ ಹೆಚ್ಚುಕಡಿಮೆ ಅದರದ್ದೇ.

ಆ ಕಾಲದ ನಿಂಟೆಂಡೊ ಮೆಷಿನ್ನಿನ ಕೆಲಸದ ಮೆಮೊರಿ, ಅಂದರೆ ರ‍್ಯಾಮ್, ಬರೀ 2 ಕಿಲೋಬೈಟ್. ಅಂದರೆ 2048 ಮನೆಗಳು, ಒಂದೊಂದರಲ್ಲೂ 0ಯಿಂದ 255ರೊಳಗಿನ ಒಂದು ಸಂಖ್ಯೆ. ಮಾರಿಯೋನ ಲೈಫ್, ಕಾಯಿನ್, ಎಷ್ಟನೇ ವರ್ಲ್ಡ್, ಎಲ್ಲವೂ ಇವುಗಳಲ್ಲೇ ಎಲ್ಲೋ ಕೂತಿರಬೇಕು. ಎಲ್ಲಿ ಅಂತ ಹುಡುಕೋದೇ ಆಟ.

ಸೂಪರ್ ಮಾರಿಯೋ ಬ್ರದರ್ಸ್ ಗೇಮ್ ಶುರು ಮಾಡ್ತೀನಿ. ರೀಸೆಟ್ ಒತ್ತಿದರೆ ಎಲ್ಲ ಮನೆಗಳೂ ಪಟ್ಟಿಯಲ್ಲಿ ಬರುತ್ತವೆ. ಮಾರಿಯೋನನ್ನು ಬೇಕಂತಲೇ ಗೂಂಬಾ ಅನ್ನೋ ಮೊದಲ ಶತ್ರುವಿಗೆ ಡಿಕ್ಕಿ ಹೊಡೆಸಿ ಸಾಯಿಸ್ತೀನಿ. 'ಹಿಂದಿನದಕ್ಕಿಂತ ಕಡಿಮೆ' ಆರಿಸಿ ಸರ್ಚ್. ಪಟ್ಟಿ ದಬಕ್ಕನೆ ಕುಗ್ಗುತ್ತದೆ. ಸ್ವಲ್ಪ ಹೊತ್ತು ಸುಮ್ನೆ ನಿಂತು 'ಬದಲಾಗಿಲ್ಲ' ಅಂತ ಸರ್ಚ್. ಟೈಮರ್, ಶತ್ರುಗಳ ಜಾಗ, ಇಂಥವೆಲ್ಲ ಉದುರಿ ಹೋಗುತ್ತವೆ. ಆಮೇಲೆ 1-1ರಲ್ಲಿ, ಅಂದರೆ ಮೊದಲ ವರ್ಲ್ಡಿನ ಮೊದಲ ಲೆವೆಲ್‌ನಲ್ಲಿ, ಮೊದಲ ಗುಂಡಿಗೆ ಮುಂಚೆ ಕಾಣದ ಬ್ಲಾಕ್ ಇದೆಯಲ್ಲ, ಅದಕ್ಕೆ ತಲೆ ಕೊಟ್ಟು, ಒಂದು ಲೈಫ್ ಕೊಡುವ ಹಸಿರು ಅಣಬೆ ಹಿಡಿದು, 'ಹಿಂದಿನದಕ್ಕಿಂತ ಜಾಸ್ತಿ'. ಹೀಗೆ ಸೋಸುತ್ತಾ ಹೋದರೆ ಕೊನೆಗೆ 075ಎ ಅನ್ನೋ ಮನೆ ಉಳಿಯುತ್ತದೆ. (ಮನೆ ನಂಬರು ಹೆಕ್ಸ್ ಲೆಕ್ಕದಲ್ಲಿ; ಅದರಲ್ಲಿ 9 ಆದ ಮೇಲೆ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ, 16ಕ್ಕೊಂದು ಕೈ.) ಪರದೆ ಮೇಲೆ 3 ಲೈಫ್ ಇದ್ದಾಗ ಅದರೊಳಗೆ ಇರೋದು 2. ಗೇಮ್ ಸೊನ್ನೆಯಿಂದ ಎಣಿಸುತ್ತೆ. ಹಾಗಾಗಿ ನೇರವಾಗಿ 3 ಅಂತ ಹುಡುಕಿದರೆ ಸಿಗೋದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಗೇಮ್‌ನ ಆಜ್ಞೆಗಳನ್ನು ಸಾಲುಸಾಲಾಗಿ ತೋರಿಸುವ ಡಿಬಗ್ಗರ್ ತೆರೆದು 075ಎಗೆ ಬ್ರೇಕ್‌ಪಾಯಿಂಟ್ ಹಾಕಿ. ಯಾರಾದರೂ ಆ ಮನೆಗೆ ಬರೆದ ತಕ್ಷಣ ಗೇಮ್ ನಿಲ್ಲಬೇಕು, ಅಷ್ಟೇ. ಈಗ ಸಾಯಿರಿ. ಗೇಮ್ ತನ್ನ ಕೋಡಿನೊಳಗೆ 91ಡಿ9 ಅನ್ನೋ ವಿಳಾಸದಲ್ಲಿ ನಿಲ್ಲುತ್ತದೆ. ಅಲ್ಲಿರುವ ಬೈಟ್, ಅಂದರೆ ಆ ಜಾಗದ ಸಂಖ್ಯೆ, ಹೆಕ್ಸ್‌ನಲ್ಲಿ ಸಿಇ. '075ಎಯಿಂದ ಒಂದು ಕಳೆ' ಅನ್ನೋ ಆಜ್ಞೆ ಅದು. ಆ ಜಾಗದಲ್ಲಿ ಎಡಿ ಬರೆದರೆ ಅದೇ ಸಾಲು 'ಸುಮ್ನೆ ಓದಿಕೋ' ಅಂತಾಗುತ್ತದೆ. ಲೈಫ್ ಕಳೆಯೋದೇ ಇಲ್ಲ.

ಗೇಮ್ ಜೀನಿ ಹೆಸರು ಕೇಳಿರಬಹುದು. ಕೋಡ್‌ಮಾಸ್ಟರ್ಸ್ ರೂಪಿಸಿ, ಅಮೆರಿಕದಲ್ಲಿ ಗಲೂಬ್ ಕಂಪನಿ ಮಾರಿದ, ಗೇಮ್‌ಗೆ ಚೀಟ್ ಕೋಡ್ ಹಾಕುವ ಸಾಧನ. ಕ್ಯಾಸೆಟ್‌ಗೂ ಮೆಷಿನ್‌ಗೂ ನಡುವೆ ಕೂರುತ್ತಿತ್ತು. ನಿಂಟೆಂಡೊ ಕೋರ್ಟಿಗೆ ಹೋಯಿತು, 1992ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಅದರಲ್ಲಿ ಮಾರಿಯೋ ಸಾಯದಂತೆ ಹಾಕುತ್ತಿದ್ದ ಕೋಡ್ ಎಸ್‌ಎಕ್ಸ್‌ಐಒಪಿಒ. ಏನೋ ಮಂತ್ರ ಇದ್ದ ಹಾಗಿದೆ, ಅಲ್ವಾ? ಬಿಡಿಸಿ ನೋಡಿದರೆ ಅದರ ಅರ್ಥ ಇಷ್ಟೇ: 91ಡಿ9ರಲ್ಲಿ ಎಡಿ ಹಾಕು. ಮ್ಯಾಗಝೀನ್ ಇಲ್ಲದೆ, ಯಾರೂ ಹೇಳಿಕೊಡದೆ, ಊಟದ ಮೇಲೆ ಕೂತು ಅದೇ ಕೋಡಿಗೆ ನಾನೇ ತಲುಪಿದ ಖುಷಿ ಇದೆಯಲ್ಲ, ಅದಕ್ಕೇ ಈ ಸಾಫ್ಟ್‌ವೇರ್ ಇನ್ನೂ ಅಳಿಸಿಲ್ಲ.

ಆ ಸಾಲಿನ ಕೆಳಗೇ ಇನ್ನೊಂದು ಸಂಗತಿ ಕಾಣುತ್ತದೆ. ಒಂದು ಕಳೆದ ಮೇಲೆ ಗೇಮ್ ನೋಡೋದು 'ಸಂಖ್ಯೆ ಮೈನಸ್ ಆಯಿತಾ' ಅಂತ ಮಾತ್ರ. 8-ಬಿಟ್ ಲೆಕ್ಕದಲ್ಲಿ 128 ಮತ್ತು ಅದರ ಮೇಲಿನದೆಲ್ಲ ಮೈನಸ್. 3-1ರ ಮೆಟ್ಟಿಲ ಮೇಲೆ ಆಮೆಯ ಮೇಲೆ ಕುಣಿದು ಕುಣಿದು ಲೈಫ್ ಗುಡ್ಡೆ ಹಾಕಿ, ಮುಂದೆ ಒಂದೇ ಸಲ ಸತ್ತಾಗ ಗೇಮ್ ಓವರ್ ಆಗಿ ಕಣ್ಣೀರು ಹಾಕಿದವರು ಇದ್ದೀರಲ್ಲ? ಕಾರಣ ಇದೇ.

ಮಾರಿಯೋದ ಮೈನಸ್ ವರ್ಲ್ಡ್ ಅನ್ನೋ ವಿಚಿತ್ರ ಲೆವೆಲ್ ಕೂಡ ಹೀಗೇ ಬಯಲಾಗುತ್ತದೆ. 1-2ರ ಕೊನೆಯಲ್ಲಿ ಇಟ್ಟಿಗೆಯೊಳಗೆ ನುಸುಳಿ, ಬೇರೆ ವರ್ಲ್ಡಿಗೆ ಹಾರಿಸುವ ವಾರ್ಪ್ ಝೋನ್‌ನ ಅಕ್ಷರ ಮೂಡುವ ಮುಂಚೆ ಪೈಪಿಗೆ ಇಳಿದರೆ ಗೇಮ್ ನಮ್ಮನ್ನು 36ನೇ ವರ್ಲ್ಡಿಗೆ ಕಳಿಸುತ್ತದೆ. ಅಂಕಿ, ಅಕ್ಷರಗಳ ಚಿತ್ರಗಳ ಪಟ್ಟಿಯಲ್ಲಿ 36ನೆಯದು ಖಾಲಿ ಜಾಗ. ಅದಕ್ಕೇ ಪರದೆ ಮೇಲೆ ಬರೀ '-1'. ಬೈಟ್‌ಗಳನ್ನೆಲ್ಲ ಸಾಲಾಗಿ ತೋರಿಸುವ ಹೆಕ್ಸ್ ಎಡಿಟರ್ ತೆರೆದಿಟ್ಟುಕೊಂಡೇ ಪೈಪಿಗೆ ಇಳಿಯಿರಿ. ವರ್ಲ್ಡ್ ನಂಬರಿನ ಮನೆ 075ಎಫ್‌ನಲ್ಲಿ ಹೆಕ್ಸ್ 23, ಅಂದರೆ 35, ಬಂದು ಕೂರುತ್ತದೆ. ಇಲ್ಲೂ ಸೊನ್ನೆಯಿಂದಲೇ ಎಣಿಕೆ.

ಕಾಂಟ್ರಾದಲ್ಲಿ 30 ಲೈಫ್ ಕೊಡುವ ಕೊನಾಮಿ ಕೋಡಿನ ಕತೆ ಬೇರೆ. ಅದು ಹೊರಗಿನವರು ತಿದ್ದಿದ್ದಲ್ಲ, ಒಳಗಿನವರೇ ಬಿಟ್ಟು ಹೋಗಿದ್ದು. 1986ರಲ್ಲಿ ಕೊನಾಮಿಯ ಕಝುಹಿಸಾ ಹಶಿಮೊಟೊ ಗ್ರೇಡಿಯಸ್ ಗೇಮನ್ನು ಮನೆಯ ಮೆಷಿನ್‌ಗೆ ತರುತ್ತಿದ್ದಾಗ, ಪರೀಕ್ಷೆ ಮಾಡೋಕೆ ಅದು ವಿಪರೀತ ಕಷ್ಟವಾಗಿ ತಮಗೋಸ್ಕರ ಹಾಕಿಕೊಂಡ ದಾರಿ. ತೆಗೆಯದೆ ಉಳಿಯಿತು, ಕಾಂಟ್ರಾಗೂ ಬಂತು. ಕಾಂಟ್ರಾ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು 08 08 04 04 02 01 02 01 40 80 ಅಂತ ಹುಡುಕಿ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಸಾಲಾಗಿ ಕೂತಿರುತ್ತದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾವು ಬರೆದುಕೊಂಡಿದ್ದೂ ಅದೇ ಅಲ್ವಾ.

ಇಲ್ಲಿಯವರೆಗೆ ಹೊಗಳಿಕೆ. ಈಗ ಕಿರಿಕಿರಿ.

ಕೋಡ್/ಡೇಟಾ ಲಾಗರ್ ಅಂತ ಇನ್ನೊಂದು ಟೂಲ್ ಇದೆ. ಗೇಮ್ ಆಡುತ್ತಿದ್ದ ಹಾಗೆ ಯಾವ ಬೈಟ್ ಬಳಕೆಯಾಯಿತು ಅಂತ ಗುರುತು ಹಾಕುತ್ತದೆ. ಕೊನೆವರೆಗೂ ಮುಟ್ಟದೆ ಉಳಿದ ಜಾಗದಲ್ಲಿ ಗುಟ್ಟು ಇರಬಹುದು ಅನ್ನೋದು ಆಸೆ. ಆದರೆ ಅದಕ್ಕೆ ಗೇಮನ್ನು ಪೂರ್ತಿ ಆಡಬೇಕು. ಪ್ರತಿ ಲೆವೆಲ್, ಪ್ರತಿ ಆಯುಧ, ಪ್ರತಿ ಸಾವು. ವಾರಗಟ್ಟಲೆ ಕೂತ ಮೇಲೆ ನನಗೆ ಸಿಕ್ಕಿದ್ದು ಹೆಚ್ಚಿನ ಪಾಲು ಖಾಲಿ ಜಾಗ ತುಂಬೋಕೆ ಹಾಕಿದ ಬೈಟ್‌ಗಳು. ಈ ಟೂಲ್ ಕೆಟ್ಟದ್ದು ಅಂತಲ್ಲ. ಕೆಲಸಕ್ಕೆ ಹೋಗಿ ಬಂದು ರಾತ್ರಿ ಒಂದು ಗಂಟೆ ಸಿಗೋರಿಗೆ ಇದು ಆಗೋದಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಒಂದಿದೆ. ಕಿಟಕಿಗಳನ್ನೇ ನೋಡಿ ನೋಡಿ ಗೇಮ್ ನೋಡೋದೇ ಮರೆತು ಹೋಗುತ್ತದೆ. 1987ರ ಪಂಚ್-ಔಟ್‌ನಲ್ಲಿ (ಬಾಕ್ಸಿಂಗ್ ಗೇಮ್) ಬಾಲ್ಡ್ ಬುಲ್ ಅನ್ನೋ ಎದುರಾಳಿ ನುಗ್ಗಿ ಬರುವಾಗ ಹಿಂದೆ ನೋಡುತ್ತಿರುವ ಜನರ ನಡುವೆ ಒಂದು ಕ್ಯಾಮೆರಾ ಫ್ಲಾಶ್ ಆಗುತ್ತದೆ. ಗುದ್ದಬೇಕಾದ ಕ್ಷಣ ಅದೇ. ಗೇಮ್ ಮಾಡಿದವರೇ 2009ರ ಸಂದರ್ಶನದಲ್ಲಿ ಬಾಯಿ ಬಿಟ್ಟರು. 2016ರಲ್ಲಿ ಅದೇ ಜನರ ನಡುವಿನ ಗಡ್ಡದವನೊಬ್ಬನೂ ಸನ್ನೆ ಮಾಡುತ್ತಾನೆ ಅಂತ ಆಟಗಾರರು ಕಂಡುಕೊಂಡರು. ಪರದೆ ಮೇಲೇ, ಎಲ್ಲರ ಕಣ್ಣೆದುರೇ ಇತ್ತು. ನನ್ನ ಥರ ಸಂಖ್ಯೆಗೆ ಕಣ್ಣು ನೆಟ್ಟು ಕೂತವನಿಗೆ ಅದು ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಅಕ್ಕನ ಮಗ ಬಂದಾಗ ಕಾಂಟ್ರಾ ಹಾಕಿ, ಲೈಫ್ ಮುಗಿಯದ ಹಾಗೆ ಚೀಟ್ ಹಾಕಿ ಕೊಟ್ಟೆ. ಎರಡನೇ ಲೆವೆಲ್ ಮುಗಿಯೋ ಮುಂಚೆ ಎದ್ದ. "ಮಾಮಾ, ಇದರಲ್ಲಿ ಸಾಯೋದೇ ಇಲ್ವಲ್ಲ, ಬೋರು" ಅಂದ. ಚೀಟ್ ತೆಗೆದು ಕೊಟ್ಟ ಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಕೊಳ್ಳೋದು ಏನಾದರೂ ಇದ್ದರೆ ಗೇಮ್‌ಪ್ಯಾಡ್ ಮಾತ್ರ. ಅದರಲ್ಲಿ ಕಂಜೂಸುತನ ಬೇಡ. ಮುನ್ನೂರು ಚಿಲ್ಲರೆಗೆ ತಂದ ನನ್ನ ಪ್ಯಾಡ್‌ನಲ್ಲಿ 'ಕೆಳಗೆ' ಒತ್ತಿದರೆ 'ಎಡ'ವೂ ಸೇರಿಕೊಳ್ಳುತ್ತದೆ, ಕೊನಾಮಿ ಕೋಡ್ ಹತ್ತೋದೇ ಇಲ್ಲ. ಈಗ ಕೀಬೋರ್ಡಿನಲ್ಲೇ ಹೊಡೆಯುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಡಿಬಗ್ಗರ್‌ನ ಇರುವೆ ಗಾತ್ರದ ಅಕ್ಷರಗಳಿಗೆ. ಹೊಸಬರು ಮಾರಿಯೋದಿಂದಲೇ ಶುರು ಮಾಡಿ, ಮತ್ತೆ ಪ್ರತಿ ಸರ್ಚ್‌ಗೆ ಮುಂಚೆ ಸೇವ್ ಸ್ಟೇಟ್ ಹಾಕಿ, ಗೇಮ್ ಇದ್ದ ಜಾಗವನ್ನು ಹಾಗೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಸಾಯೋಕೆ ಮೊದಲಿಂದ ಓಡಬೇಕಾಗುತ್ತೆ.